ಅಜ್ಜಿ ಚಿತ್ರ ಬರೆದ ಹೂದಾನಿಗೆ ಜಾತಕ ಬರೆಯುವುದು ಹೇಗೆ?

ಮನೆತನದಲ್ಲಿ ಒಬ್ಬ ಕಲಾವಿದರಿದ್ದರೆ ಅವರು ಚಿತ್ರ ಬರೆದ ತಟ್ಟೆಯೋ ದೀಪದ ಬುಡವೋ ಹೂದಾನಿಯೋ ಕಪಾಟಿನಲ್ಲಿ ಉಳಿದಿರುತ್ತದೆ. ಅದರ ಜೊತೆಗೊಂದು ಕಥೆಯೂ ಇರುತ್ತದೆ. ವಸ್ತು ಇದ್ದಂತೆಯೇ ಇರುತ್ತದೆ, ಕಥೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ರೆಕ್ಕೆಪುಕ್ಕ ಕಟ್ಟಿಕೊಳ್ಳುತ್ತದೆ. ಎರಡನ್ನೂ ಹೊಂದಿಸಿ ನೋಡಿ ಬರೆದಿಡುವ ಕ್ರಮ ಇಲ್ಲಿದೆ. ಉದಾಹರಣೆಗೆ ಪಿಂಗಾಣಿ ಹೂದಾನಿಯನ್ನೇ ತೆಗೆದುಕೊಳ್ಳೋಣ.

ಮೊದಲ ಕೆಲಸ: ಒರೆಸದಿರುವುದು

ಕೈಗೆ ಸಿಕ್ಕ ಕೂಡಲೇ ತೊಳೆಯುವ ಉತ್ಸಾಹವನ್ನು ಹತ್ತಿಕ್ಕಿಕೊಳ್ಳಿ. ಉಂಗುರ, ಕೈಗಡಿಯಾರ ತೆಗೆದಿಟ್ಟು, ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿ. ಅಂಚನ್ನೋ ಹಿಡಿಯನ್ನೋ ಹಿಡಿದು ಎತ್ತಬೇಡಿ, ಹಿಂದೆ ಯಾರೋ ಅಂಟಿಸಿದ ಜಾಗ ಅದೇ ಆಗಿರಬಹುದು. ಒಂದು ಕೈ ತಳದಲ್ಲಿರಲಿ. ಎಲ್ಲ ಬದಿಗಳ, ಒಳಗಿನ, ತಳದ ಫೋಟೊ ತೆಗೆಯಿರಿ. ಒಂದರಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇರಲಿ. ಇನ್ನೊಂದನ್ನು ಟಾರ್ಚ್ ಬೆಳಕು ಓರೆಯಾಗಿ ಬೀಳುವಂತೆ ತೆಗೆಯಿರಿ: ಕುಂಚದ ಎಳೆತ, ಗೀರು, ಹಳೆಯ ರಿಪೇರಿ ಎದ್ದು ಕಾಣುತ್ತವೆ.

ತಳವನ್ನು ಓದುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ತಳದಲ್ಲಿರುವ ಮುದ್ರೆ ಸಾಮಾನ್ಯವಾಗಿ ಬಿಳಿ ಪಾತ್ರೆಯನ್ನು ತಯಾರಿಸಿದ ಕಾರ್ಖಾನೆಯದು, ಚಿತ್ರ ಬರೆದವರದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಫ್ರಾನ್ಸಿನ ಲಿಮೋಜ್‌ನಂಥ ಕಡೆ ತಯಾರಾದ ಖಾಲಿ ಬಿಳಿ ಪಾತ್ರೆಗಳನ್ನು ಕೊಂಡು, ಮನೆಯಲ್ಲೇ ಚಿತ್ರ ಬರೆದು, ಮತ್ತೆ ಸುಡಿಸುವ ಹವ್ಯಾಸ ಜೋರಾಗಿತ್ತು. ಹಾಗಾಗಿ ‘ಲಿಮೋಜ್’ ಎಂದಿದ್ದ ಮಾತ್ರಕ್ಕೆ ಅಜ್ಜಿಯ ಹೆಸರು ಬಿದ್ದುಹೋಗುವುದಿಲ್ಲ, ಗಟ್ಟಿಯಾಗುವುದೂ ಇಲ್ಲ. ಸಹಿಯನ್ನು ಚಿತ್ರದ ಕೆಳ ಅಂಚಿನಲ್ಲಿ, ಎಲೆ ಬಳ್ಳಿಗಳ ಸಂದಿಯಲ್ಲಿ ಹುಡುಕಿ.

ಮುದ್ರೆಯಿಂದ ಕಾಲ ಮಾತ್ರ ಚೆನ್ನಾಗಿ ತಿಳಿಯುತ್ತದೆ. ವಜ್ರಾಕೃತಿಯ ಬ್ರಿಟಿಷ್ ನೋಂದಣಿ ಗುರುತು 1842ರಿಂದ 1883ರವರೆಗಿನದು, 1884ರಿಂದ ಅದರ ಬದಲು ಸಂಖ್ಯೆ ಬಂತು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧದ ನಂತರ, 1952ರವರೆಗಿನ ಆಕ್ರಮಿತ ಅವಧಿಯ ಸರಕು. ಮನೆಯವರು ‘1930ರಲ್ಲಿ ಬರೆದದ್ದು’ ಎಂದು ಆಣೆಯಿಟ್ಟು ಹೇಳಿದರೂ ತಳದಲ್ಲಿ ಈ ಎರಡು ಪದಗಳಿದ್ದರೆ ತಳವನ್ನೇ ನಂಬಿ. ಅಷ್ಟಕ್ಕೇ ಅಜ್ಜಿಯನ್ನು ಸುಳ್ಳುಗಾರ್ತಿ ಮಾಡಬೇಕಿಲ್ಲ. ಹೂದಾನಿಗಳು ಎರಡಿದ್ದು, ಒಡೆದದ್ದರ ಕಥೆ ಉಳಿದದ್ದಕ್ಕೆ ಅಂಟಿಕೊಂಡಿರಬಹುದು.

ಬಣ್ಣದ ಪರೀಕ್ಷೆ

ಭೂತಗನ್ನಡಿ ಹಿಡಿಯಿರಿ. ಒಂದೇ ಅಳತೆಯ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಚ್ಚು. ಕುಂಚದ ಗೆರೆಯಾದರೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು, ತಿರುವಿನಲ್ಲಿ ಬಣ್ಣ ಮಡುಗಟ್ಟಿರುತ್ತದೆ. ಗಾಜಿನಂಥ ಮೇಲ್ಲೇಪದ ಮೇಲೆ ಬಳಿದು ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಬಣ್ಣ ಬೆರಳಿಗೆ ತುಸು ಉಬ್ಬಾಗಿ ಸಿಗುತ್ತದೆ. ಸುಡದೆ ಬಿಟ್ಟ ಬಣ್ಣವೂ ಉಂಟು. ಮರೆಯ ಜಾಗದಲ್ಲಿ ಒದ್ದೆ ಹತ್ತಿಕಡ್ಡಿ ತಾಗಿಸಿ ನೋಡಿ, ಬಣ್ಣ ಹತ್ತಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆ ಹೂದಾನಿಗೆ ನೀರು ವರ್ಜ್ಯ.

ಹಿರಿಯರನ್ನು ಕೇಳುವುದು

‘ಇದು ಅಜ್ಜಿಯೇ ಬರೆದದ್ದಲ್ಲವೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಇದನ್ನು ನೀವು ಮೊದಲು ಕಂಡದ್ದು ಎಲ್ಲಿ, ಯಾರ ಮನೆಯಲ್ಲಿ?’ ಎಂದು ಕೇಳಿ, ಮೊಬೈಲ್‌ನಲ್ಲಿ ಧ್ವನಿ ಹಿಡಿದಿಡಿ. ಆಮೇಲೆ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಕಣ್ಣಾರೆ ಕಂಡದ್ದು, ಕೇಳಿದ್ದು, ಊಹೆ. ಸಹಿಯನ್ನು ಅದೇ ಕಾಲದ ಪತ್ರ, ರೇಖಾಚಿತ್ರಗಳ ಸಹಿಯೊಂದಿಗೆ ಹೋಲಿಸಿ. ವಯಸ್ಸಾದಂತೆ ಕೈಬರಹ ಬದಲಾಗುತ್ತದೆ. ಹಳೆಯ ಫೋಟೊದ ಮೂಲೆಯಲ್ಲಿ ಹೂದಾನಿ ಕಾಣಿಸಿಕೊಂಡರೆ ಹತ್ತು ಜನರ ಸಾಕ್ಷಿಗಿಂತ ಅದು ಮೇಲು.

ಜಾತಕ ಬರೆಯುವುದು

ಕಲಾಕೃತಿಗಳನ್ನು ಗುರುತಿಸಲು 1997ರಲ್ಲಿ ರೂಪುಗೊಂಡ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ಮಾದರಿ ಮನೆಗೂ ಸಾಕು. ವಸ್ತುವಿನ ಬಗೆ, ಸಾಮಗ್ರಿ ಮತ್ತು ತಂತ್ರ, ಅಳತೆ, ಬರಹ ಮತ್ತು ಮುದ್ರೆ, ವಿಶೇಷ ಗುರುತು, ಶೀರ್ಷಿಕೆ, ಚಿತ್ರದ ವಿಷಯ, ಕಾಲ, ಮಾಡಿದವರು: ಇವಿಷ್ಟೇ ಅಂಕಣಗಳು. ‘ವಿಶೇಷ ಗುರುತು’ ಎಂಬಲ್ಲಿ ಅಂಚಿನ ಚಕ್ಕೆ, ಕೂದಲೆಳೆ ಬಿರುಕುಗಳನ್ನು ನಾಚದೆ ಬರೆಯಿರಿ. ಕಳುವಾದರೆ ಗುರುತು ಹಿಡಿಯಲು ನೆರವಾಗುವುದು ಇವೇ. ಕೊನೆಗೆ ಯಾರಿಂದ ಯಾರಿಗೆ, ಯಾವಾಗ ಬಂತು ಎಂಬ ಸರಪಳಿ ಸೇರಿಸಿ. ಕೊಂಡಿ ತಪ್ಪಿದ ಕಡೆ ಖಾಲಿ ಬಿಡಿ.

ಈಗ ಶುಚಿ

ಒಣಗಿದ ಮೆದು ಕುಂಚದಿಂದ ಧೂಳು ತೆಗೆದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಚಿನ್ನದ ಗೆರೆಯನ್ನು ಉಜ್ಜಬೇಡಿ. ಮೇಲ್ಲೇಪದಲ್ಲಿ ಬಲೆಯಂತೆ ಬಿರುಕು ಹರಡಿದ್ದರೆ ನೀರಿನಲ್ಲಿ ನೆನೆಸಬೇಡಿ, ಬ್ಲೀಚ್ ಅಂತೂ ಬೇಡವೇ ಬೇಡ: ಒಳಗಿಳಿದ ಲವಣ ಹರಳುಗಟ್ಟಿ ಲೇಪವನ್ನೇ ಎಬ್ಬಿಸಬಹುದು. ತಳದ ಹಳೆಯ ಚೀಟಿಯನ್ನು ಕೀಳಬೇಡಿ, ಅದೂ ದಾಖಲೆಯೇ. ಹೊಸ ಚೀಟಿಯನ್ನು ಹತ್ತಿದಾರದಲ್ಲಿ ಕಟ್ಟಿ. ಟೇಪ್, ರಬ್ಬರ್‌ಬ್ಯಾಂಡ್ ಬೇಡ. ಚೂರು ಕಿತ್ತುಬಂದರೆ ಕಾಗದದಲ್ಲಿ ಸುತ್ತಿಟ್ಟು, ಅಂಟು ಹಾಕುವುದನ್ನು ಪಳಗಿದವರಿಗೆ ಬಿಡಿ.

ಬರೆದ ಹಾಳೆಯನ್ನು ಮಡಿಸಿ ಹೂದಾನಿಯೊಳಗೇ ತುರುಕುವ ಅಭ್ಯಾಸ ಹಲವರಿಗಿದೆ. ಹೂದಾನಿ ಒಡೆದ ದಿನ ಚೂರಿನ ಜೊತೆ ಅದೂ ಕಸದ ಬುಟ್ಟಿಗೆ ಹೋಗುತ್ತದೆ. ಮನೆಯ ಕಾಗದಪತ್ರಗಳ ಕಡತದಲ್ಲಿಟ್ಟು, ಒಂದು ಪ್ರತಿಯನ್ನು ಬೇರೆ ಮನೆಯಲ್ಲಿರುವ ನೆಂಟರಿಗೂ ಕೊಡಿ.