ಸೀರಿಯಲ್ ಪೋರ್ಟ್ ಹಿಡಿದು ದೂರದ ಸರ್ವರ್ ಎಬ್ಬಿಸಿದ್ದು: ನನ್ನ ಅನುಭವ

ಬೆಂಗಳೂರಲ್ಲಿ ಕೂತು ತೀರ್ಥಹಳ್ಳಿಯ ಸರ್ವರ್‌ನ ಗ್ರಬ್ ಮೆನು (ಲಿನಕ್ಸ್ ಶುರುವಾಗುವ ಮೊದಲು ಬರುವ ಆಯ್ಕೆಯ ಪರದೆ) ತೆರೆಯೋಕಾಗಲ್ಲ, ಐಪಿ-ಕೆವಿಎಂ (ಸರ್ವರ್‌ನ ಪರದೆ, ಕೀಬೋರ್ಡನ್ನು ನೆಟ್‌ವರ್ಕ್ ಮೂಲಕ ದೂರಕ್ಕೆ ಕೊಡುವ ಪೆಟ್ಟಿಗೆ) ತಗೊಳ್ಳಿ ಅಂತ ಕೇಳಿದವರೆಲ್ಲ ಹೇಳಿದ್ದರು. ಅದರ ಕೊಟೇಶನ್ ಮೂವತ್ತು ಸಾವಿರದ ಆಸುಪಾಸು. ನನ್ನದು ಸರ್ವರ್‌ನ ಹಳೇ ಸೀರಿಯಲ್ ಪೋರ್ಟ್ (ಅಕ್ಷರಗಳನ್ನಷ್ಟೇ ಕಳಿಸಿ ಪಡೆಯುವ ಕಿಂಡಿ), ಅದಕ್ಕೆ ಕೇಬಲ್ ಹಾಕಿ ಪಕ್ಕದಲ್ಲಿಟ್ಟ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್; ಬೆಂಗಳೂರಿಂದ ಪೈಗೆ ಲಾಗಿನ್ ಆಗಿ ಅದರ ಮೂಲಕ ಸರ್ವರ್‌ಗೆ ಟೈಪ್ ಮಾಡೋದು. ಆರೇಳು ಸಾವಿರದಲ್ಲಿ ಮುಗಿಯಿತು. ಕಳೆದ ಮಳೆಗಾಲ ಪೂರ್ತಿ ಒಮ್ಮೆಯೂ ಆ ಕಡೆ ಹೋಗಲಿಲ್ಲ.

ಅಲ್ಲಿ ಮಳೆ ಹಿಡಿದರೆ ಕರೆಂಟ್ ದಿನಗಟ್ಟಲೆ ಇರಲ್ಲ. ಯುಪಿಎಸ್ ಬರಿದಾಗಿ ಬಿದ್ದ ಯಂತ್ರ ಮತ್ತೆ ಏಳುವಾಗ ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣೆ) ಕೇಳಿಕೊಂಡು ಎಮರ್ಜೆನ್ಸಿ ಮೋಡ್‌ನಲ್ಲಿ, ಅಂದರೆ ಅರ್ಧ ಎದ್ದ ಸ್ಥಿತಿಯಲ್ಲಿ, ನಿಲ್ಲುತ್ತೆ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಆಗಿನ್ನೂ ಶುರುವಾಗಿರಲ್ಲ. ರಿಪೇರಿಗೆ ಒಪ್ಪಿಗೆಯ ಒಂದು ‘ವೈ’ ಒತ್ತೋಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಡೀಸೆಲ್, ಊಟ ಸೇರಿ ಪ್ರತಿ ಸಲ ನಾಲ್ಕೈದು ಸಾವಿರ.

ಹೆಚ್ಚು ದುಡ್ಡು ತಿಂದದ್ದು ಕೇಬಲ್‌ಗಳು. ಮದರ್‌ಬೋರ್ಡಿನ ಹತ್ತು ಪಿನ್ನಿನ ಕಾಮ್ ಹೆಡರ್‌ಗೆ (ಸೀರಿಯಲ್ ಪೋರ್ಟಿನ ಪಿನ್‌ಗಳ ಗುಂಪು) ಬರುವ ಪಟ್ಟಿ ಕೇಬಲ್‌ನಲ್ಲಿ ಎರಡು ಬಗೆಯ ವೈರಿಂಗ್ ಇದೆ, ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ್ದೆಲ್ಲ ಇನ್ನೊಂದು ಬಗೆಯದ್ದೇ. ಸೀರಿಯಲ್ ಕೇಬಲನ್ನು ಪೈಗೆ ಸೇರಿಸುವ ಇನ್ನೂರೈವತ್ತರ ಯುಎಸ್‌ಬಿ ಕನ್ವರ್ಟರ್‌ಗಳಿಗೆ ತಮ್ಮದೇ ಗುರುತಿನ ಸೀರಿಯಲ್ ನಂಬರ್ ಇರಲಿಲ್ಲ, ಎರಡು ಯಂತ್ರಕ್ಕೆ ಎರಡು ಹಾಕಿದರೆ ರೀಬೂಟ್ ಆದಾಗ ಯುಎಸ್‌ಬಿ0, ಯುಎಸ್‌ಬಿ1 ಅನ್ನುವ ಹೆಸರುಗಳು ಅದಲುಬದಲು. ಕೊನೆಗೆ ಆ ನಂಬರ್ ಇರುವ ಎಫ್‌ಟಿಡಿಐ ಚಿಪ್‌ನದ್ದು ತಂದೆ. ಪೈನ ಯುಆರ್ಟ್ (ಅದರದೇ ಸೀರಿಯಲ್) ಪಿನ್ನಿಗೇ ನೇರ ಸಿಕ್ಕಿಸಲು ಹೋಗಬೇಡಿ, ಅದು 3.3 ವೋಲ್ಟ್; ಸರ್ವರ್ ಪೋರ್ಟಿನ ಆರ್‌ಎಸ್-232 ಸಿಗ್ನಲ್‌ನ ಹೆಚ್ಚಿನ ವೋಲ್ಟೇಜ್ ಅದನ್ನು ಸುಟ್ಟುಬಿಡುತ್ತೆ.

ಸರ್ವರ್‌ನ ಕರ್ನೆಲ್ ಸಾಲಿನಲ್ಲಿ (ಬೂಟ್ ಆಗುವಾಗ ಲಿನಕ್ಸ್‌ನ ತಿರುಳಿಗೆ ಕೊಡುವ ಸೂಚನೆ) ಕನ್ಸೋಲ್ ಆಗಿ ಟಿಟಿವೈ0 (ಪರದೆ) ಮೊದಲು, ಟಿಟಿವೈಎಸ್0,115200 (ಸೀರಿಯಲ್ ಪೋರ್ಟ್, ಅದರ ವೇಗ) ಕೊನೆಗೆ. ಕೊನೆಯದೇ ಮುಖ್ಯ ಕನ್ಸೋಲ್. ಎಮರ್ಜೆನ್ಸಿ ಪ್ರಾಂಪ್ಟ್ ಬರೋದು ಅಲ್ಲಿಗೇ. ಉಬುಂಟುವಾದರೆ ರೂಟ್‌ಗೆ (ಮುಖ್ಯ ಅಡ್ಮಿನ್ ಖಾತೆ) ಪಾಸ್‌ವರ್ಡ್ ಇಟ್ಟಿರಿ. ಇಲ್ಲದಿದ್ದರೆ ರೂಟ್ ಖಾತೆ ಲಾಕ್ ಆಗಿದೆ ಅಂತ ಹೇಳಿ ಬಾಗಿಲು ಹಾಕುತ್ತೆ, ಅಷ್ಟು ದೂರ ಬಂದ ಕೇಬಲ್ ದಂಡ.

ತುಂಬ ಕಾಡಿದ್ದು ಬೇರೆ. ಕರೆಂಟ್ ಬಂದಾಗ ಪೈ, ಸರ್ವರ್ ಒಟ್ಟಿಗೆ ಏಳುತ್ತಿದ್ದವು. ಪೈ ಏಳುವಾಗ ಲೈನಿಗೆ ಬಿದ್ದ ಕಸದ ಅಕ್ಷರವನ್ನು ಗ್ರಬ್ ಯಾರೋ ಕೀ ಒತ್ತಿದರು ಅಂತ ತಿಳಿದು ಕೌಂಟ್‌ಡೌನ್ ನಿಲ್ಲಿಸಿಬಿಡುತ್ತಿತ್ತು. ಪೈಗೆ ಬೇರೆಯೇ ಸಣ್ಣ ಬ್ಯಾಟರಿ ಕೊಟ್ಟ ಮೇಲೆ ಸರಿಹೋಯಿತು. ಅದೇ ಪೈನ ಒಂದು ಪಿನ್ನಿನಿಂದ ರೀಸೆಟ್ ಬಟನ್ನನ್ನೂ ಒತ್ತಿಸುತ್ತೇನೆ. ಆ ಸರ್ಕ್ಯೂಟ್ ಮಾತ್ರ ಸದ್ಯ ನನ್ನಲ್ಲೇ ಇರಲಿ.

ನಡುವೆ ಸೀರಿಯಲ್ ಬದಲಿಗೆ ಲಿನಕ್ಸ್‌ನ ನೆಟ್‌ಕನ್ಸೋಲ್ ಕೂಡ ನೋಡಿದೆ. ಕರ್ನೆಲ್ ಮಾತು ನೆಟ್‌ವರ್ಕ್ ಮೂಲಕ ಯುಡಿಪಿಯಲ್ಲಿ ಹೊರಗೆ ಬರುತ್ತೆ, ನಾವು ವಾಪಸ್ ಏನೂ ಟೈಪ್ ಮಾಡೋಕಾಗಲ್ಲ. ಎನ್‌ಕ್ರಿಪ್ಟ್ ಆದ ಡಿಸ್ಕ್‌ಗೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಡಿಸ್ಕ್ ತೆರೆಯುವ ಮೊದಲು ಏಳುವ ಪುಟ್ಟ ವ್ಯವಸ್ಥೆ) ಡ್ರಾಪ್‌ಬೇರ್ ಎಂಬ ಸಣ್ಣ ಎಸ್‌ಎಸ್‌ಎಚ್ ಸರ್ವರ್ ಹಾಕಿದ್ದು ಚೆನ್ನಾಗಿದೆ, ಆದರೆ ಅದೂ ನೆಟ್‌ವರ್ಕ್ ಡ್ರೈವರ್ ಎದ್ದ ಮೇಲಿನ ಮಾತು.