ವರ್ಷಗಟ್ಟಲೆ ನುಂಗಿದ ಆತಂಕದ ಮಾತ್ರೆ: ಇಳಿಸುವ ಬಗೆ

ಕ್ಲೊನಜೆಪಾಮ್, ಅಲ್ಪ್ರಜೋಲಾಮ್, ಲೊರಜೆಪಾಮ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು. ಮಿದುಳು ಅದಕ್ಕೆ ಒಗ್ಗಿರುತ್ತದೆ. ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ.

ಮೊದಲು ಚೀಟಿ ಓದಿ. ಎಸ್ಸಿಟಾಲೋಪ್ರಾಮ್ (ಖಿನ್ನತೆ, ಆತಂಕಕ್ಕೆ ಕೊಡುವ ಬೇರೆ ಬಗೆಯ ಔಷಧಿ) ಮತ್ತು ಕ್ಲೊನಜೆಪಾಮ್ ಸೇರಿದ ಮಾತ್ರೆ ನಮ್ಮಲ್ಲಿ ಬಹಳ ಸಾಮಾನ್ಯ. ಅದನ್ನು ಅರ್ಧ ಮಾಡಿದರೆ ಎರಡೂ ಔಷಧಿ ಕಡಿಮೆಯಾಗುತ್ತವೆ, ಯಾವುದರಿಂದ ತೊಂದರೆ ಎಂದು ತಿಳಿಯುವುದೇ ಇಲ್ಲ. ಬೇರೆ ಬೇರೆಯಾಗಿ ಬರೆದುಕೊಡಲು ಮನೋವೈದ್ಯರನ್ನು ಕೇಳಿ. ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವಂಥದ್ದು) ಎಂದಿರುವ ಮಾತ್ರೆಯನ್ನಂತೂ ಮುರಿಯಬೇಡಿ.

ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಗ ತೆಗೆದುಕೊಳ್ಳುತ್ತಿರುವ ಡೋಸ್‌ನ ಶೇ. 5ರಿಂದ 10ರಷ್ಟು ಇಳಿಸುವುದು ಸಾಮಾನ್ಯ ಆರಂಭ. ಎಡವುವುದು ಕೊನೆಯಲ್ಲಿ. 0.25 ಮಿ.ಗ್ರಾಂ. ಮಾತ್ರೆಯ ಅರ್ಧ, ಅಂದರೆ 0.125, ದಿನಕ್ಕೆ 1 ಮಿ.ಗ್ರಾಂ. ತೆಗೆದುಕೊಳ್ಳುವವರಿಗೆ ಎಂಟನೇ ಒಂದು ಭಾಗ, 0.5ಕ್ಕೆ ಬಂದಾಗ ಅದೇ ತುಣುಕು ಕಾಲು ಭಾಗ! ಆಗ ಕೆಲವರಿಗೆ ವೈದ್ಯರು ದೀರ್ಘಕಾಲ ಕೆಲಸ ಮಾಡುವ ಡಯಜೆಪಾಮ್‌ಗೆ ಬದಲಿಸುತ್ತಾರೆ. ವಯಸ್ಸಾದವರಿಗೆ, ಲಿವರ್ ತೊಂದರೆಯವರಿಗೆ ಅದು ಹೊಂದದಿರಬಹುದು. ದಿನ ಬಿಟ್ಟು ದಿನ ನುಂಗುವುದು ತಪ್ಪು ದಾರಿ. ರಕ್ತದಲ್ಲಿ ಔಷಧಿಯ ಮಟ್ಟ ಏರಿಳಿದು ನಡುಕ ಹೆಚ್ಚುತ್ತದೆ.

ನಿದ್ದೆಗೆಟ್ಟರೆ, ಎದೆ ಬಡಿದುಕೊಂಡರೆ ಅದೇ ಡೋಸ್‌ನಲ್ಲಿ ನಿಂತು ವೈದ್ಯರಿಗೆ ತಿಳಿಸಿ. ಫಿಟ್ಸ್, ಭ್ರಮೆ ಬಂದರೆ 108. ಮದ್ಯ ಬೇಡ.

ಜೊತೆಗಾರರು ಬೇಕೇ? ಚಿಕಿತ್ಸೆ ಪಡೆಯುವ ಆಸ್ಪತ್ರೆಯಲ್ಲೇ ಸ್ವಸಹಾಯ ಗುಂಪು ಇದೆಯೇ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಗುಂಪಿನಿಂದ ಧೈರ್ಯ ಪಡೆಯಿರಿ, ಇನ್ನೊಬ್ಬರ ಡೋಸ್ ಪಟ್ಟಿಯನ್ನಲ್ಲ. "ಒಂದೇ ವಾರದಲ್ಲಿ ಬಿಟ್ಟೆ" ಎಂದು ಹುರಿದುಂಬಿಸುವ ಗುಂಪಿನಿಂದ ಎದ್ದು ಬನ್ನಿ.