ಬಸುರಿಯ ಮೊದಲ ಬಿಪಿ ಬರೆದಿಡಿ: ಪುಣೆಯಲ್ಲಿ ನಾನು ಕಲಿತದ್ದು

ಹಿಂಜವಡಿ ಸುತ್ತಮುತ್ತ ಬಿಲ್ಡಿಂಗ್ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ನಮ್ಮವರು ಬಹಳ ಜನ ಇದ್ದಾರೆ. ಅಲ್ಲೇ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸ್. ಕನ್ನಡ ಮಾತಾಡುತ್ತೇನೆ ಅಂತ ಬಸುರಿಯರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ಕೆಲಸಕ್ಕೆ ಸೇರಿದ ಹೊಸತು. ಚೊಚ್ಚಲ ಬಸುರಿ, ಎಂಟನೇ ತಿಂಗಳು ಬಿದ್ದಿತ್ತು. ಬಿಪಿ 130/86 ಬಂತು. 140/90 ದಾಟಿಲ್ಲವಲ್ಲ ಅಂತ 'ಸರಿ ಇದೆ' ಎಂದು ಬರೆದು ಕಳಿಸಿಬಿಟ್ಟೆ. ಕಾರ್ಡಿನ ಹಿಂದಿನ ಪುಟ ತಿರುವಿದ್ದರೆ ಮೂರನೇ ತಿಂಗಳಲ್ಲಿ ಅವಳದ್ದು 98/60 ಇದ್ದದ್ದು ಕಾಣುತ್ತಿತ್ತು. ಒಂಬತ್ತು ದಿನ ಬಿಟ್ಟು ಗಂಡ ಕರೆದುಕೊಂಡು ಬಂದ. "ಯಕ್ಕಾ, ತಲಿ ಒಡದಂಗ ಆಗೇತ್ರಿ, ಕಣ್ಣು ಮಂಜ್ ಮಂಜ್ ಕಾಣ್ತಾವು" ಅಂದಳು. 168/112. ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್. ಇದಕ್ಕೆ ಪ್ರಿಎಕ್ಲಾಂಪ್ಸಿಯಾ ಅಂತಾರೆ, ಬಸುರಿಯರಿಗೆ ಬಿಪಿ ಏರಿ ಬರುವ ರೋಗ. ಫಿಟ್ಸ್ ಬರಬಾರದು ಅಂತ ಡಾಕ್ಟರು ಮ್ಯಾಗ್ನೀಶಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದರು. ತಾಯಿ ಮಗು ಇಬ್ಬರೂ ಉಳಿದರು. ಆ 'ಸರಿ ಇದೆ' ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ, ಒಬ್ಬೊಬ್ಬರಿಗೆ ಒಂದೊಂದು ಪುಟ. ಮೊದಲ ಸಾಲಿನಲ್ಲಿ ಮೂರು ತಿಂಗಳೊಳಗಿನ ಬಿಪಿ. ಯಾಕಂದ್ರೆ ನಡುವಿನ ತಿಂಗಳುಗಳಲ್ಲಿ ಬಿಪಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಐದನೇ ತಿಂಗಳಲ್ಲಿ ಮೊದಲ ಸಲ ನೋಡಿದರೆ ಅವಳ ನಿಜವಾದ ಲೆಕ್ಕ ಗೊತ್ತಾಗುವುದಿಲ್ಲ. ಬಸುರಿನ ಬಿಪಿ ರೋಗ ಅಂತ ಹೆಸರಿಡಲು 20 ವಾರದ ನಂತರ, ನಾಲ್ಕು ಗಂಟೆ ಬಿಟ್ಟು ಎರಡು ಸಲ ನೋಡಿದಾಗಲೂ 140/90 ಅಥವಾ ಜಾಸ್ತಿ ಬರಬೇಕು, ಮೇಲಿನದು ಕೆಳಗಿನದು ಯಾವುದಾದರೂ ಒಂದು ಸಾಕು. ಕಣ್ಣಿಡಲು ಅಷ್ಟು ಕಾಯಬೇಕಾಗಿಲ್ಲ. ಹತ್ತು ಹತ್ತು ಏರುತ್ತಾ ಹೋದರೆ ನಾನು ಮೂರು ದಿನಕ್ಕೇ ಮತ್ತೆ ಕರೆಯುತ್ತೇನೆ, ಮೂತ್ರವನ್ನೂ ನೋಡುತ್ತೇನೆ. 160/110 ಬಂದರೆ ಮನೆಗೆ ಕಳಿಸುವ ಮಾತೇ ಇಲ್ಲ.

ಬಿಪಿ ನೋಡುವ ರೀತಿಯಲ್ಲೂ ತಪ್ಪಾಗುತ್ತದೆ. ಇಟ್ಟಿಗೆ ಹೊತ್ತು ಬಂದವಳಿಗೆ ಕೂಡಲೇ ಪಟ್ಟಿ ಕಟ್ಟಬಾರದು. ಮೂತ್ರಕ್ಕೆ ಹೋಗಿ ಬರಲಿ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂರಲಿ, ಮಾತು ಬೇಡ, ತೋಳು ಎದೆಯ ಮಟ್ಟಕ್ಕೆ ಇರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ.

ನಮ್ಮವರಲ್ಲಿ ಇನ್ನೊಂದು ತೊಡಕು ತವರು. ಏಳನೇ ತಿಂಗಳಲ್ಲಿ ಕುಬಸ ಮುಗಿಸಿ ಊರಿಗೆ ಹೊರಟುಬಿಡುತ್ತಾರೆ, ಅದೂ ಬಿಪಿ ಏರುವ ಹೊತ್ತಿಗೆ ಸರಿಯಾಗಿ. ಅಲ್ಲಿನ ಡಾಕ್ಟರಿಗೆ ಹಿಂದಿನದು ಏನೂ ಗೊತ್ತಿರುವುದಿಲ್ಲ. ಅದಕ್ಕೇ ಪುಟದ ಫೋಟೋ ತೆಗೆದು ಗಂಡನ ಮೊಬೈಲಿಗೂ ಅವಳ ತಾಯಿಯ ಮೊಬೈಲಿಗೂ ಕಳಿಸುತ್ತೇನೆ.

ಹೆರಿಗೆ ಆದ ಮೇಲೂ ಅವಳ ತಾಯಿಗೆ ಫೋನ್ ಮಾಡುತ್ತೇನೆ. ಬಾಣಂತಿಗೆ ತಲೆ ನೋವು ಅಂದರೆ ಗಾಳಿ ಸೋಕಿದೆ ಅಂತ ತಲೆಗೆ ಬಟ್ಟೆ ಬಿಗಿದು ಮಲಗಿಸುತ್ತಾರೆ, ಅಲ್ವಾ? "ಕಟ್ಟಿರಿ ಅವ್ವಾ, ಆದ್ರ ಮೊದಲ ಬಿಪಿ ನೋಡಿಸ್ರಿ" ಅನ್ನುತ್ತೇನೆ. ಹೆರಿಗೆಯಾಗಿ ಆರು ವಾರದವರೆಗೂ ಈ ಬಿಪಿ ರೋಗ ಬರಬಹುದು.